ಪರದೆಯ ಮೇಲಿನ ಬಾಯಿ

ಇಪ್ಪತ್ತೆಂಟು ವರ್ಷ ಬೇರೆಯವರ ಬಾಯಿ ನೋಡುತ್ತ ಬಂದ ಡಾಕ್ಟರಿಗೆ ತಮ್ಮ ಬಾಯಿಯ ಬಗ್ಗೆ ಬಹಳ ಒಳ್ಳೆಯ ಅಭಿಪ್ರಾಯವಿತ್ತು. ಅದನ್ನು ಅವರು ನೋಡಿರಲಿಲ್ಲ ಎಂಬುದೇ ಆ ಅಭಿಪ್ರಾಯಕ್ಕೆ ಆಧಾರ. ಕನ್ನಡಿಯಲ್ಲಿ ಕಾಣುವ ಮುಂದಿನ ಆರು ಹಲ್ಲು ಬೆಳ್ಳಗಿದ್ದವು. ಅದರಾಚೆಗಿನ ಪ್ರದೇಶದ ಸುದ್ದಿಗೆ ಅವರು ಹೋಗುತ್ತಿರಲಿಲ್ಲ. ಏನು ತಿಂದರೂ ಎಡಗಡೆಯೇ ಅಗಿಯುವ ಅಭ್ಯಾಸ ಯಾವಾಗ ಬಂತೋ ಅವರಿಗೆ ನೆನಪಿರಲಿಲ್ಲ. ಬಲಗಡೆ ಯಾಕೆ ಅಗಿಯುವುದಿಲ್ಲ ಎಂದು ಯಾರೂ ಕೇಳಿರಲಿಲ್ಲ.

ವರ್ಷಕ್ಕೊಮ್ಮೆ ಅವರು ಹತ್ತಿರದ ಶಾಲೆಗೆ ಹೋಗಿ, ಒಂದು ಕೈಯಲ್ಲಿ ಪ್ಲಾಸ್ಟಿಕ್ ದವಡೆ, ಇನ್ನೊಂದು ಕೈಯಲ್ಲಿ ಪೊರಕೆಯಷ್ಟು ದೊಡ್ಡ ಬ್ರಷ್ಷು ಹಿಡಿದು, ಆರು ತಿಂಗಳಿಗೊಮ್ಮೆ ಡಾಕ್ಟರಿಗೆ ಹಲ್ಲು ತೋರಿಸಬೇಕು ಎಂದು ಮಕ್ಕಳಿಗೆ ಹೇಳಿ ಬರುತ್ತಿದ್ದರು. ತಾವು ಕೊನೆಯ ಸಲ ಹಾಗೆ ತೋರಿಸಿಕೊಂಡು ಇಪ್ಪತ್ತೆರಡು ವರ್ಷವಾಗಿತ್ತು. ಕಾರಣ ಸರಳ. ಅವರಿಗೆ ಹಲ್ಲಿನ ಡಾಕ್ಟರ ಕುರ್ಚಿ ಎಂದರೆ ಭಯ. ಅದರ ಪಕ್ಕದಲ್ಲಿ ನಿಲ್ಲುವುದಕ್ಕಲ್ಲ, ಅದರಲ್ಲಿ ಒರಗುವುದಕ್ಕೆ.

ಇಂಥವರ ಬಾಳಿನಲ್ಲಿ ಯಂತ್ರ ಬರಬಾರದು. ಆದರೆ ಬಂತು. ಎರಡು ಬೀದಿ ಆಚೆ ಗಾಜಿನ ಮುಂಭಾಗದ ಹೊಸ ಆಸ್ಪತ್ರೆ ತೆರೆದಿದ್ದರು. ಅಲ್ಲಿ ಏಳು ಜನ ಹಲ್ಲಿನ ಡಾಕ್ಟರುಗಳು, ಎಂಟು ಟೀವಿಗಳು. ರೋಗಿಗಳು ತಮ್ಮ ಹಲ್ಲನ್ನು ತಾವೇ ಟೀವಿಯಲ್ಲಿ ನೋಡಿ ಬೆರಗಾಗಿ ಬರುತ್ತಿದ್ದರು. ಇತ್ತ ನಮ್ಮ ಡಾಕ್ಟರ ಕ್ಲಿನಿಕ್ಕಿನಲ್ಲಿ ಹೆಸರು ಬರೆದುಕೊಳ್ಳಲು ಕೂರುತ್ತಿದ್ದ ಅವರ ಹೆಂಡತಿಗೆ ದಿನಕ್ಕೆ ನಾಲ್ಕು ಸಲ ಒಂದೇ ಪ್ರಶ್ನೆ: "ನಿಮ್ಮಲ್ಲಿ ಕಂಪ್ಯೂಟರ್ ಇಲ್ವಾ ಮೇಡಂ?"

"ಕಣ್ಣಿದೆ" ಎಂದು ಆಕೆ ಹೇಳುತ್ತಿದ್ದರು. ಆ ಉತ್ತರದಿಂದ ಯಾರಿಗೂ ಸಮಾಧಾನವಾಗುತ್ತಿರಲಿಲ್ಲ. ಕೊನೆಗೆ ಆಕೆಯೇ ಕಂಪನಿಗೆ ಫೋನ್ ಮಾಡಿದರು.

ಕಂಪನಿಯಿಂದ ಟೈ ಕಟ್ಟಿಕೊಂಡವನೊಬ್ಬ ಯಂತ್ರದ ಜೊತೆ ಬಂದ. ಯಂತ್ರ ಎಂದರೆ ಒಂದು ಪರದೆ, ಅದಕ್ಕೆ ತಂತಿಯಲ್ಲಿ ತೂಗುಬಿದ್ದ ದಪ್ಪನೆಯ ಕಡ್ಡಿ.

"ಇನ್ಮೇಲೆ ಆ ಗುಲಾಬಿ ಹಿಟ್ಟು ಕಲಸೋದು, ಬಾಯಲ್ಲಿಟ್ಟು ಅಚ್ಚು ತೆಗೆಯೋದು, ರೋಗಿ ವಾಕರಿಸೋದು, ಯಾವುದೂ ಇಲ್ಲ ಸರ್" ಎಂದ ಟೈಯವನು. "ಈ ಕಡ್ಡಿ ಬಾಯಲ್ಲಿ ಒಂದು ಸುತ್ತು ತಿರುಗಿಸಿದ್ರೆ ಇಡೀ ಬಾಯಿ ಪರದೆ ಮೇಲೆ. ಅಲ್ಲಿಂದ ನಮ್ಮ ಆಫೀಸಿಗೆ. ಅಲ್ಲಿ ಕಂಪ್ಯೂಟರ್ ಅದನ್ನ ಓದಿ, ವರದಿ ಬರೆದು, ನಿಮಗೂ ಕಳಿಸುತ್ತೆ, ರೋಗಿಗೂ ಕಳಿಸುತ್ತೆ."

"ರೋಗಿಗ್ಯಾಕೆ?"

"ಪಾರದರ್ಶಕತೆ ಸರ್."

"ಎಲ್ಲಾ ಅದೇ ಮಾಡಿದ್ರೆ ನಾನೇನು ಮಾಡ್ಲಿ?"

ಟೈಯವನು ಕಡ್ಡಿಯನ್ನು ಬಟ್ಟೆಯಿಂದ ಒರೆಸಿದ. ಈ ಪ್ರಶ್ನೆಗೆ ಕಂಪನಿ ಅವನಿಗೆ ಉತ್ತರ ಕಲಿಸಿರಲಿಲ್ಲ. ಆಮೇಲೆ, "ಕಡ್ಡಿ ನೀವೇ ಹಿಡೀಬೇಕಲ್ಲ ಸರ್" ಎಂದ.

ಆ ದಿನದ ಮೊದಲ ರೋಗಿ ಹನ್ನೊಂದು ಗಂಟೆಗೆ ಬರಬೇಕಿದ್ದ ಟೈಲರ್. ಟೈಯವನು ಯಂತ್ರದಲ್ಲಿ ಟೈಲರ ಹೆಸರು, ವಯಸ್ಸು, ಫೋನ್ ನಂಬರು ತುಂಬಿಸಿಟ್ಟು, "ರೋಗಿ ಬರೋದರೊಳಗೆ ಒಂದ್ಸಲ ಅಭ್ಯಾಸ ಮಾಡ್ಕೊಳ್ಳಿ" ಎಂದು ಹೇಳಿ ಹೊರಟುಹೋದ. ಯಾರ ಮೇಲೆ ಅಭ್ಯಾಸ ಮಾಡಬೇಕೆಂದು ಹೇಳಲಿಲ್ಲ. ಹೆಂಡತಿಯನ್ನು ಕೇಳುವ ಧೈರ್ಯ ಡಾಕ್ಟರಿಗಿರಲಿಲ್ಲ. ಅವರು ಬಾಗಿಲು ಹಾಕಿಕೊಂಡು, ನಿಂತೇ, ಕಡ್ಡಿಯನ್ನು ತಮ್ಮ ಬಾಯಿಗೆ ಹಾಕಿ ಗೋಡೆಯ ಕಡೆ ನೋಡುತ್ತ ತಿರುಗಿಸಿದರು. ಪರದೆ ಕಿಣಿ ಎಂದಿತು. ಅದರ ಕಡೆ ಕಣ್ಣು ಹಾಯಿಸದೆ, ಅಳಿಸುವ ಗುಂಡಿ ಎಂದು ಭಾವಿಸಿ ಹಸಿರು ಗುಂಡಿ ಒತ್ತಿದರು. ಹಸಿರು ಬಣ್ಣದಲ್ಲಿ ಅಳಿಸುವ ಗುಂಡಿ ಇರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಅವರಿಗೆ ಗೊತ್ತಾದದ್ದು ಮಾರನೇ ದಿನ.

ಟೈಲರ್ ಬಂದರು. ಡಾಕ್ಟರು ಯಂತ್ರವನ್ನು ಮುಟ್ಟದೆ, ಹಳೆಯ ಕಾಲದ ಹಾಗೆ ಕೈಗನ್ನಡಿ ಹಿಡಿದು ನೋಡಿ, ಹಲ್ಲು ಕ್ಲೀನ್ ಮಾಡಿ, "ನಿಮ್ಮ ಹಲ್ಲು ಕಲ್ಲು. ಆ ದಾರ ಕಚ್ಚೋದೊಂದು ಬಿಡಿ" ಎಂದರು. ಮೂವತ್ತು ವರ್ಷ ದಾರ ಕಚ್ಚಿ ಕತ್ತರಿಸಿ ಟೈಲರ ಮೇಲಿನ ಮುಂಹಲ್ಲಿನ ಅಂಚಿನಲ್ಲಿ ಸಣ್ಣದೊಂದು ತಗ್ಗು ಬಿದ್ದಿತ್ತು. "ಕತ್ತರಿ ತಗೊಳ್ಳೋದರೊಳಗೆ ಹಲ್ಲು ಸಿಗುತ್ತಲ್ಲ ಡಾಕ್ಟ್ರೇ" ಎಂದು ಟೈಲರ್ ನಕ್ಕು ಹೋದರು. ಅದು ಅವರು ನಕ್ಕ ಕೊನೆಯ ನಗು. ಮುಂದಿನ ಐದು ದಿನಗಳ ಮಟ್ಟಿಗೆ.

ಸಂಜೆ ಅಂಗಡಿಯಲ್ಲಿ ಅವರು ಒಂದು ಕೋಟಿನ ತೋಳು ಕತ್ತರಿಸುತ್ತಿದ್ದಾಗ ಫೋನಿಗೆ ವರದಿ ಬಂತು. ಕನ್ನಡಕ ಮನೆಯಲ್ಲಿತ್ತು. ಗುಂಡಿ ಹೊಲಿಯುತ್ತ ಕೂತಿದ್ದ ಹೆಂಡತಿ ಗಟ್ಟಿಯಾಗಿ ಓದಿದರು. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳೂ, ಹೆಂಡತಿಯ ತಮ್ಮನೂ ಇದ್ದರು.

"'ಕೆಳದವಡೆಯ ಬಲಭಾಗದ ಮೂರು ಹಲ್ಲುಗಳನ್ನು ಕೂಡಲೇ ತೆಗೆಯತಕ್ಕದ್ದು. ಒಸಡು ಹಿಂದೆ ಸರಿದಿದೆ. ರೋಗಿಯು ದೀರ್ಘಕಾಲದಿಂದ ನಿರ್ಲಕ್ಷ್ಯ ತೋರಿರುವುದು ಕಂಡುಬರುತ್ತದೆ. ಬ್ರಷ್ ಹಿಡಿಯುವ ಕ್ರಮವನ್ನು ರೋಗಿಗೆ ಮೊದಲಿನಿಂದ ಕಲಿಸುವುದು ಸೂಕ್ತ.'"

ಕತ್ತರಿ ನಿಂತಿತು. ಗಿರಾಕಿಗಳಲ್ಲಿ ಒಬ್ಬರು ಮೆಲ್ಲಗೆ ಒಂದು ಹೆಜ್ಜೆ ಹಿಂದೆ ಸರಿದರು.

"ಬೆಳಿಗ್ಗೆ ಕಲ್ಲು ಅಂದ್ರು" ಎಂದರು ಟೈಲರ್.

"ಅವರು ಅನ್ನೋದೇ ಹಾಗೆ. ದಾಕ್ಷಿಣ್ಯ" ಎಂದರು ಹೆಂಡತಿ. "ಇಷ್ಟು ವರ್ಷದ ಪರಿಚಯ, ಮುಖದ ಮೇಲೆ ಹೇಳೋಕಾಗುತ್ತಾ? ಯಂತ್ರಕ್ಕೇನು ದಾಕ್ಷಿಣ್ಯ?"

ಹೆಂಡತಿಯ ತಮ್ಮ ಫೋನು ತೆಗೆದುಕೊಂಡು ವರದಿಯನ್ನು ಇನ್ನೊಮ್ಮೆ ಓದಿದ. ಇವನು ಯಾವುದೋ ಕಚೇರಿಯಲ್ಲಿ ಅರ್ಜಿ ತೆಗೆದುಕೊಳ್ಳುವ ಕಿಟಕಿಯ ಹಿಂದೆ ಕೂರುವವನು. ಕಾಗದದಲ್ಲಿ ಬರೆಯದೆ ಬಿಟ್ಟದ್ದನ್ನು ಓದುವುದರಲ್ಲಿ ಪಳಗಿದವನು. "'ಕೂಡಲೇ' ಅಂತಿದೆ ಭಾವ. ಆಫೀಸಿನಲ್ಲಿ ನಾವು 'ಕೂಡಲೇ' ಅಂತ ಬರೆದ್ರೆ ಅದು ಆಗಲೇ ತಡ ಆಗಿದೆ ಅಂತ ಅರ್ಥ."

ಮಾರನೇ ಬೆಳಿಗ್ಗೆ ಮೂವರೂ ಕ್ಲಿನಿಕ್ಕಿನಲ್ಲಿದ್ದರು. ಡಾಕ್ಟರು ವರದಿ ಓದಿ ನಕ್ಕರು. ಟೈಲರ ಬಾಯಿ ತೆರೆಸಿ ನೋಡಿದರು. ಕಲ್ಲು. ಇನ್ನೊಮ್ಮೆ ನೋಡಿದರು. ಕಲ್ಲೇ. ಇಪ್ಪತ್ತೆಂಟು ವರ್ಷದ ಕಣ್ಣಿನ ಬಗ್ಗೆ ಅವರಿಗೆ ಸಣ್ಣ ಅನುಮಾನ ಬಂತು. ಪರದೆ ಹಚ್ಚಿ ಚಿತ್ರ ತೆಗೆದರು. ಹಾಳು ಬಿದ್ದ ಕೋಟೆಯಂಥದ್ದೊಂದು ದವಡೆ ಗುಲಾಬಿ ಬಣ್ಣದಲ್ಲಿ ತಿರುಗಿತು. ಮುಂಹಲ್ಲಿನ ಅಂಚು ನುಣ್ಣಗಿತ್ತು. ದಾರದ ತಗ್ಗು ಇರಲಿಲ್ಲ. ಹಾಗಾದರೆ ಇದು ಯಾರದ್ದೆಂದು ಯೋಚಿಸುತ್ತಿದ್ದಾಗ, ಬಲಗಡೆ ಕೆಳಗೆ, ಒಳಕ್ಕೆ ವಾಲಿದ ಒಂದು ಹಲ್ಲು ಕಾಣಿಸಿತು. ಅದರ ಒಂದು ಮೂಲೆ ಮುರಿದಿತ್ತು. ಡಾಕ್ಟರ ನಾಲಿಗೆ ತನ್ನಷ್ಟಕ್ಕೆ ತಾನೇ ಬಲಗಡೆ ಕೆಳಗೆ ಹೋಗಿ ಆ ಮೂಲೆಯನ್ನು ಮುಟ್ಟಿತು. ಕಣ್ಣು ಎಂದೂ ಕಂಡಿರದ ಆ ಹಲ್ಲಿನೊಡನೆ ನಾಲಿಗೆಗೆ ಬಹಳ ವರ್ಷದ ಸಲಿಗೆಯಿತ್ತು.

ಡಾಕ್ಟರು ಪರದೆ ಆರಿಸಿದರು.

"ಏನ್ರೀ, ಮುಖ ಹಾಗಾಯ್ತು?" ಎಂದರು ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ.

"ಏನಿಲ್ಲ. ಯಂತ್ರದ ತಪ್ಪು" ಎಂದರು ಡಾಕ್ಟರು. ಟೈಲರ ಕಡೆ ತಿರುಗಿ, "ನಿಮಗೆ ಏನೂ ಆಗಿಲ್ಲ. ಮನೆಗೆ ಹೋಗಿ" ಎಂದರು.

ದನಿ ನಡುಗಿತ್ತು. ಅದನ್ನು ಮೂವರೂ ಕೇಳಿಸಿಕೊಂಡರು.

"ನಿಮ್ಮ ಮನಸ್ಸು ದೊಡ್ಡದು ಡಾಕ್ಟ್ರೇ" ಎಂದರು ಟೈಲರ್. "ನನ್ನ ಸಮಾಧಾನಕ್ಕೆ ಹೇಳ್ತಿದ್ದೀರಿ."

"ಡಾಕ್ಟ್ರೇ ಹೆದರಿದಾರೆ ಭಾವ" ಎಂದು ಭಾವಮೈದ ಪಿಸುಗುಟ್ಟಿದ. ಅವನ ಪಿಸುಮಾತು ಕಿಟಕಿಯಾಚೆಯ ಸಾಲಿನ ಕೊನೆಯವರೆಗೂ ಕೇಳಬೇಕಾದ ವೃತ್ತಿಯದು. "ಕೈ ಮೀರಿದೆ."

ಅವರು ಹೋದ ಮೇಲೆ ಡಾಕ್ಟರು ಕಂಪನಿಗೆ ಫೋನ್ ಮಾಡಿದರು. ಒಂದು ಹೆಣ್ಣುದನಿ ವಿನಯದಿಂದ ವಿಚಾರಿಸಿತು.

"ಬಾಯಿ ಬದಲಾಗಿದೆ ಅಂತ ದೂರು ದಾಖಲಿಸ್ಕೊಳ್ಳಲಾ ಸರ್?"

"ಹೌದು."

"ಯಾರ ಬಾಯಿ ಜೊತೆ ಬದಲಾಗಿದೆ ಸರ್? ಆ ಹೆಸರು ಹಾಕದೆ ದೂರು ಮುಂದಕ್ಕೆ ಹೋಗಲ್ಲ."

ಡಾಕ್ಟರು ಬಾಗಿಲ ಕಡೆ ನೋಡಿದರು. ಹೆಂಡತಿ ಅಲ್ಲೇ ಇದ್ದರು. "ಯೋಚನೆ ಮಾಡಿ ಹೇಳ್ತೀನಿ" ಎಂದು ಫೋನಿಟ್ಟರು.

ಸುದ್ದಿ ಬೀದಿಯಲ್ಲಿ ತಾನೇ ನಡೆದಾಡಿತು. ಟೈಲರ ಮನೆಯಲ್ಲಿ ಹೆಂಡತಿ ಎಲ್ಲವನ್ನೂ ರುಬ್ಬಿ ಬಟ್ಟಲಲ್ಲಿ ಕೊಡತೊಡಗಿದರು. ಸೇಬನ್ನೂ ರುಬ್ಬಿದರು, ಬಿಸ್ಕತ್ತನ್ನೂ ರುಬ್ಬಿದರು. ಅಕ್ಕಪಕ್ಕದವರು ಬಂದು ಟೈಲರನ್ನು ನೋಡದೆ ಅವರ ದವಡೆಯನ್ನು ನೋಡಿ ಮಾತಾಡಿಸಿ ಹೋದರು. ಒಬ್ಬರು ತಮ್ಮ ಚಿಕ್ಕಪ್ಪನಿಗೂ ಹೀಗೇ ಹಲ್ಲಿನಿಂದಲೇ ಶುರುವಾಯಿತೆಂದು ಹೇಳಿ, ಆಮೇಲೆ ಏನಾಯಿತೆಂದು ಹೇಳದೆ ಎದ್ದರು. ಟೈಲರ್ ಮಾತು ಕಡಿಮೆ ಮಾಡಿದರು. ಕತ್ತರಿಯನ್ನು ಭಾವಮೈದನ ಕೈಗಿಟ್ಟು, "ನಿನ್ನ ಹತ್ರ ಇರಲಿ" ಎಂದರು. ಅವನಿಗೆ ಕಾಗದ ಹರಿಯುವುದು ಬಿಟ್ಟರೆ ಕತ್ತರಿಯ ಕೆಲಸ ಬರುತ್ತಿರಲಿಲ್ಲ. ಆದರೂ ಗಂಭೀರವಾಗಿ ತೆಗೆದುಕೊಂಡ.

ಮೂರನೇ ದಿನ ಭಾವಮೈದ ಗಾಜಿನ ಆಸ್ಪತ್ರೆಯಲ್ಲಿ ವಿಚಾರಿಸಿಕೊಂಡು ಬಂದು ಡಾಕ್ಟರ ಮುಂದೆ ನಿಂತ. "ಅಲ್ಲಿ ವರದಿ ತೋರಿಸಿದೆ. ನಾಳೆ ಕರ್ಕೊಂಡು ಬನ್ನಿ, ಹತ್ತು ನಿಮಿಷದ ಕೆಲಸ ಅಂದ್ರು."

"ಬಾಯಿ ನೋಡಲ್ವಂತಾ?"

"ಚಿತ್ರ ಇದ್ದ ಮೇಲೆ ಬಾಯಿ ಯಾಕೆ ಅಂದ್ರು."

ಡಾಕ್ಟರು ಕೂತಲ್ಲಿಂದ ಎದ್ದರು. ಮೂರು ಗಟ್ಟಿ ಹಲ್ಲು, ಹತ್ತು ನಿಮಿಷ. "ಬೇಡ" ಎಂದರು. "ಎಲ್ಲೂ ಕರ್ಕೊಂಡು ಹೋಗಬೇಡಿ. ನಾನೇ ಕೀಳ್ತೀನಿ."

ಹೇಳಬಾರದ ಮಾತು ಅದೊಂದೇ ಆಗಿತ್ತು, ಅದನ್ನೇ ಹೇಳಿದರು. ಅಷ್ಟರಲ್ಲಿ ಯಂತ್ರ ಹೇಗಿದೆಯೆಂದು ನೋಡಲು ಬಂದಿದ್ದ ಟೈಯವನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ.

"ಸರ್, ಇದು ನಮ್ಮ ಆಫೀಸಿನಲ್ಲೇ ಹೆಸರಾಗಿದೆ" ಎಂದ. "ಡಾಕ್ಟರ ಕಣ್ಣಿಗೆ ಕಲ್ಲು, ಯಂತ್ರದ ಕಣ್ಣಿಗೆ ಹುಳುಕು. ಭಾನುವಾರ ಹಲ್ಲಿನ ಡಾಕ್ಟರುಗಳ ಸಭೆ ಇದೆಯಲ್ಲ, 'ಬದಲಾಗುತ್ತಿರುವ ದಂತವೈದ್ಯಕೀಯ, ಮುಂದಿನ ಸವಾಲುಗಳು', ಅಲ್ಲೇ ಮಾಡೋಣ. ವೇದಿಕೆ ಮೇಲೆ ಕುರ್ಚಿ ಹಾಕಿಸ್ತೀವಿ. ಮೊದಲು ಚಿತ್ರ, ಆಮೇಲೆ ಹಲ್ಲು."

ಟೈಲರಿಗೆ ಇದು ಬಹಳ ಒಪ್ಪಿಗೆಯಾಯಿತು. ಒಬ್ಬ ಡಾಕ್ಟರು ಕೈ ನಡುಗಿಸಿದರೂ ಉಳಿದ ಎಂಬತ್ತು ಡಾಕ್ಟರು ಅಲ್ಲೇ ಇರುತ್ತಾರಲ್ಲ ಎಂಬುದು ಅವರ ಲೆಕ್ಕ.

ಶನಿವಾರದವರೆಗೆ ಡಾಕ್ಟರು ನಾಲ್ಕು ಸಲ ಟೈಲರ ಅಂಗಡಿಯವರೆಗೆ ನಡೆದು ಹೋದರು, ಸತ್ಯ ಹೇಳಲು. ಮೊದಲ ಸಲ ಒಂದು ಗುಂಡಿ ಹಾಕಿಸಿಕೊಂಡು ಬಂದರು. ಎರಡನೇ ಸಲ ಪ್ಯಾಂಟಿನ ಅಂಚು ಮಡಿಸಿ ಹೊಲಿಸಿಕೊಂಡು ಬಂದರು. ಮೂರನೇ ಸಲ ಟೈಲರೇ ಕೈ ಹಿಡಿದು, "ನೀವು ಧೈರ್ಯವಾಗಿರಿ ಡಾಕ್ಟ್ರೇ" ಎಂದರು. ನಾಲ್ಕನೇ ಸಲ ಅಂಗಡಿ ಮುಚ್ಚಿತ್ತು.

ಭಾನುವಾರ ಬೆಳಿಗ್ಗೆ ಸಭಾಂಗಣ ತುಂಬಿತ್ತು. ಬಂದವರಲ್ಲಿ ಬಹಳ ಜನ ಇದೇ ಯಂತ್ರವನ್ನು ಹೊಸದಾಗಿ ಕೊಂಡವರು. ವೇದಿಕೆಯ ನಡುವೆ ಹೊಚ್ಚಹೊಸ ಕುರ್ಚಿ, ಅದರ ಮೇಲೆ ದೀಪ, ಪಕ್ಕದ ತಟ್ಟೆಯಲ್ಲಿ ಇಕ್ಕಳ. ಅಧ್ಯಕ್ಷರಾಗಿ ಎಂಬತ್ತು ದಾಟಿದ ಮೇಷ್ಟ್ರು ಕೂತಿದ್ದರು. ಸಭೆಯಲ್ಲಿದ್ದವರಲ್ಲಿ ಅರ್ಧ ಜನಕ್ಕೆ ಹಲ್ಲು ಕೀಳುವುದನ್ನು ಕಲಿಸಿದ್ದು ಅವರೇ. ಮುಂದಿನ ಸಾಲಿನಲ್ಲಿ ಡಾಕ್ಟರ ಹೆಂಡತಿ, ಟೈಲರ ಹೆಂಡತಿ, ಕತ್ತರಿಯ ಸಮೇತ ಭಾವಮೈದ.

ಟೈಯವನು ದೀಪ ಆರಿಸಿ, ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಆ ಬಾಯಿಯನ್ನು ಹಚ್ಚಿದ. ಮನೆಯ ಬಾಗಿಲಷ್ಟು ಎತ್ತರದ ದವಡೆ ಹಲ್ಲು ನಿಧಾನವಾಗಿ ತಿರುಗಿ ಸಭೆಯನ್ನು ನೋಡಿತು.

ಸಭೆ ಲೊಚಗುಟ್ಟಿತು. ಎಂಬತ್ತು ದಂತವೈದ್ಯರು ಒಟ್ಟಿಗೆ ಲೊಚಗುಟ್ಟಿದರೆ ಕೆರೆಗೆ ಹಂದಿಗಳು ಇಳಿದ ಹಾಗೆ ಕೇಳಿಸುತ್ತದೆ.

"ಮೂರಲ್ಲ, ನಾಲ್ಕು ಕೀಳಬೇಕು" ಎಂದರೊಬ್ಬರು.

"ಈ ಮನುಷ್ಯ ಬ್ರಷ್ಷನ್ನ ಶೂ ಉಜ್ಜೋಕೆ ಇಟ್ಕೊಂಡಿರಬೇಕು" ಎಂದರು ಇನ್ನೊಬ್ಬರು. ನಗು ಎದ್ದಿತು.

ಕುರ್ಚಿಯಲ್ಲಿ ಒರಗಿದ್ದ ಟೈಲರ್ ಕಣ್ಣು ಮುಚ್ಚಿಕೊಂಡರು. ಅವರ ಕಿವಿ ಕೆಂಪಾಗಿದ್ದು ಹಿಂದಿನ ಸಾಲಿಗೂ ಕಾಣುತ್ತಿತ್ತು. ಅವರ ಹೆಂಡತಿ ಎದ್ದು ನಿಂತರು.

"ದಿನಕ್ಕೆರಡು ಸಲ ಉಜ್ತಾರೆ" ಎಂದರು. "ನಾನು ಪಕ್ಕದಲ್ಲೇ ನಿಂತಿರ್ತೀನಿ. ನಗೋರು ನಮ್ಮನೆಗೆ ಬಂದು ನೋಡಿ."

ಟೈಯವನು ದೀಪ ಹಚ್ಚಿ, "ಸರ್, ಶುರು ಮಾಡಿ" ಎಂದ.

ಡಾಕ್ಟರು ಇಕ್ಕಳ ಎತ್ತಿಕೊಂಡರು. ಟೈಲರ್ ಬಾಯಿ ತೆರೆದರು. ಆ ಬಲಗಡೆಯ ಮೂರು ಹಲ್ಲು, ಬಿಳಿಯಾಗಿ, ಭದ್ರವಾಗಿ, ಒಂದರ ಪಕ್ಕ ಒಂದು ಕೂತಿದ್ದವು. ಡಾಕ್ಟರು ಅವನ್ನು ನೋಡಿದರು, ಇಕ್ಕಳ ನೋಡಿದರು, ತಟ್ಟೆಯಲ್ಲಿ ಇಟ್ಟುಬಿಟ್ಟರು.

"ಇದು ಇವರ ಬಾಯಲ್ಲ" ಎಂದರು.

"ಇವರದೇ ಸರ್" ಎಂದ ಟೈಯವನು. "ತೆರ್ಕೊಂಡು ಮಲಗಿದಾರಲ್ಲ."

"ಆ ಚಿತ್ರ ಇವರದಲ್ಲ. ಹೆಸರು ಇವರದು, ಬಾಯಿ ಬೇರೆಯವರದು."

"ಯಾರದು?"

"ಇಲ್ಲೇ ಇರೋ ಒಬ್ಬ ಹಲ್ಲಿನ ಡಾಕ್ಟರದು" ಎಂದಷ್ಟೇ ಡಾಕ್ಟರಿಗೆ ಹೇಳಲು ಸಾಧ್ಯವಾಯಿತು. "ಯಂತ್ರ ಬಂದ ಹೊಸದರಲ್ಲಿ, ಬಾಗಿಲು ಹಾಕ್ಕೊಂಡು, ತನ್ನ ಮೇಲೇ ಅಭ್ಯಾಸ ಮಾಡಿದ."

ಎಂಬತ್ತು ಬಾಯಿಗಳು ಒಂದೇ ಸಲ ಮುಚ್ಚಿಕೊಂಡವು. ಆಮೇಲೆ, ಒಬ್ಬೊಬ್ಬರ ಕೆನ್ನೆಯ ಒಳಗೂ ಏನೋ ಮೆಲ್ಲಗೆ ಓಡಾಡತೊಡಗಿತು. ನಾಲಿಗೆಗಳು ಬಲಗಡೆ ಕೆಳಗೆ ಹೋಗಿ ವಿಚಾರಿಸುತ್ತಿದ್ದವು.

ಮೂರನೇ ಸಾಲಿನಲ್ಲಿ ಒಬ್ಬ ದಪ್ಪ ಡಾಕ್ಟರು ಎದ್ದರು. ಮುಖ ಬಿಳಿಚಿತ್ತು. "ನಾನು ಕೆಂಪು ಗುಂಡೀನೇ ಒತ್ತಿದ್ದೆ" ಎಂದರು. "ಅದು ಹೊರಗೆ ಹೇಗೆ ಬಂತು?"

"ನೀವು ಕೂತ್ಕೊಳ್ಳಿ" ಎಂದರು ಕಿಟಕಿಯ ಪಕ್ಕದಿಂದ ಒಬ್ಬ ಲೇಡಿ ಡಾಕ್ಟರು. "ಆ ಮುರಿದ ಮೂಲೆ ನಂದು. ನನಗೆ ಗೊತ್ತಿಲ್ವಾ? ಮಂಗಳವಾರ ಮಧ್ಯಾಹ್ನ ಮಾಡಿದ್ದೆ."

"ಮಂಗಳವಾರದ್ದು ನಂದು" ಎಂದು ಹಿಂದಿನಿಂದ ಇನ್ನೊಂದು ದನಿ.

ಬಾಗಿಲ ಬಳಿ ನಾಲ್ಕನೆಯವರೊಬ್ಬರು ಮಾತಿಲ್ಲದೆ ಕೈ ಎತ್ತಿದರು. ಗಾಜಿನ ಆಸ್ಪತ್ರೆಯ ಏಳು ಜನರಲ್ಲಿ ಮೂವರು ಪರಸ್ಪರ ಮುಖ ನೋಡಿಕೊಂಡು ನೆಲ ನೋಡಿದರು.

ಐದು ದಿನ ತಾವು ಮುಚ್ಚಿಟ್ಟದ್ದನ್ನು ಹೀಗೆ ಯಾರು ಯಾರೋ ತಮ್ಮದೆಂದು ಎತ್ತಿಕೊಂಡು ಹೋಗುವುದು ಡಾಕ್ಟರಿಗೆ ಸಹಿಸಲಾಗಲಿಲ್ಲ.

"ಯಾರದೂ ಅಲ್ಲ" ಎಂದರು ಗಟ್ಟಿಯಾಗಿ. "ನಂದು. ಒಳಕ್ಕೆ ವಾಲಿರೋ ಹಲ್ಲು ನೋಡಿ, ಆಮೇಲೆ ಇಲ್ಲಿ ನೋಡಿ." ವೇದಿಕೆಯ ಅಂಚಿಗೆ ಬಂದು ದೀಪದ ಕೆಳಗೆ ಬಾಯಿ ತೆರೆದು ನಿಂತರು.

ಮೇಷ್ಟ್ರು ಕೋಲೂರಿಕೊಂಡು ಎದ್ದು ಬಂದು, ಕನ್ನಡಕ ಹಣೆಗೇರಿಸಿ, ಬಾಯೊಳಗೆ ಇಣುಕಿದರು. ಪರದೆ ನೋಡಿದರು. ಮತ್ತೆ ಇಣುಕಿದರು.

"ಇವನದೇ" ಎಂದರು. ಆಮೇಲೆ ದೊಡ್ಡದೊಂದು ಉಸಿರು ಬಿಟ್ಟು, "ನಾನು ನಂದು ಅಂದ್ಕೊಂಡಿದ್ದೆ" ಎಂದರು.

"ಎಷ್ಟು ವರ್ಷ ಆಯ್ತಯ್ಯಾ ಕುರ್ಚಿಯಲ್ಲಿ ಕೂತು?" ಎಂದು ಮೇಷ್ಟ್ರೇ ಕೇಳಿದರು.

"ಇಪ್ಪತ್ತೆರಡು ಸರ್."

ಮುಂದಿನ ಸಾಲಿನಲ್ಲಿ ಡಾಕ್ಟರ ಹೆಂಡತಿ ಎದ್ದರು. ಆಕೆಯ ದನಿ ಮೆಲ್ಲಗಿತ್ತು; ಅದಕ್ಕೇ ಎಲ್ಲರಿಗೂ ಕೇಳಿಸಿತು. "ಪ್ರತಿ ವರ್ಷ ಗೆಳೆಯರ ಹತ್ರ ಹಲ್ಲು ತೋರಿಸ್ಕೊಂಡು ಬರ್ತೀನಿ ಅಂತ ಬೆಳಿಗ್ಗೆ ಹೋಗಿ ಸಂಜೆ ಬರ್ತಿದ್ರಲ್ಲ. ಒಂದ್ಸಲ ಅವರನ್ನ ಕೇಳಿದ್ದೆ, ನೀವು ಬಂದೇ ಇಲ್ಲ ಅಂದ್ರು. ಎಲ್ಲಿಗೆ ಹೋಗ್ತಿದ್ರಿ?"

"ಪಾರ್ಕಲ್ಲಿ ಕೂತಿರ್ತಿದ್ದೆ."

"ಒಬ್ಬರೇನಾ?"

"ಒಬ್ಬನೇ."

ಆಕೆ ಕುರ್ಚಿಯ ಬೆನ್ನು ಹಿಡಿದುಕೊಂಡರು. "ಬರೀ ಹಲ್ಲಾ?" ಎಂದರು. "ಇಷ್ಟು ವರ್ಷ ನಾನು ಏನೇನೋ ಅಂದ್ಕೊಂಡು ಕೂತಿದ್ದೆ. ಬರೀ ಹಲ್ಲು." ಕೂತು ಸೆರಗಿನಿಂದ ಕಣ್ಣೊರೆಸಿಕೊಂಡರು. ಟೈಲರ ಹೆಂಡತಿ ಪಕ್ಕಕ್ಕೆ ಸರಿದು ಆಕೆಯ ಭುಜ ಹಿಡಿದರು.

ಇಷ್ಟು ಹೊತ್ತೂ ಬಾಯಿ ತೆರೆದುಕೊಂಡೇ ಇದ್ದ ಟೈಲರನ್ನು ಆಗ ಎಲ್ಲರೂ ನೆನೆದರು. ಮೇಷ್ಟ್ರು ಕೈಗನ್ನಡಿಯಲ್ಲಿ ನೋಡಿ, ಬೆರಳಿನಿಂದ ಒಂದೊಂದೇ ಹಲ್ಲು ಅಲುಗಿಸಿ, "ಏಳಪ್ಪ, ಮನೆಗೆ ಹೋಗು" ಎಂದರು. "ಈ ಸಭೆಯಲ್ಲಿ ಡಾಕ್ಟರು ಬೇಡದ ಬಾಯಿ ನಿಂದೊಂದೇ."

"ನಾನು ಮೊದಲೇ ಹೇಳಿದ್ದೆ ಭಾವ" ಎಂದ ಭಾವಮೈದ.

ಟೈಲರ್ ಇಳಿದು ಬಂದು ಡಾಕ್ಟರ ಎದುರು ನಿಂತರು. ಬೈಯುತ್ತಾರೆಂದು ಎಲ್ಲರೂ ಕಾದರು. "ನಾಲ್ಕು ದಿನ ಬಿಸ್ಕತ್ತು ರುಬ್ಬಿ ಕುಡಿದಿದೀನಿ ಡಾಕ್ಟ್ರೇ" ಎಂದರು ಅಷ್ಟೇ. ಆಮೇಲೆ ಖಾಲಿಯಾದ ಕುರ್ಚಿಯ ಕಡೆ ಕೈ ತೋರಿಸಿದರು.

ಡಾಕ್ಟರು ಒರಗಿದರು. ಮೇಷ್ಟ್ರು ಸೂಜಿ ಹಿಡಿದರು, ದಪ್ಪ ಡಾಕ್ಟರು ಇಕ್ಕಳ ಹಿಡಿದರು. ವೇದಿಕೆಯ ಮೆಟ್ಟಿಲಿನಿಂದ ಶುರುವಾಗಿ ಬಾಗಿಲವರೆಗೆ ದಂತವೈದ್ಯರು ಒಬ್ಬರ ಹಿಂದೊಬ್ಬರು ನಿಂತಿದ್ದರು; ತಾನು ಮೊದಲು ಬಂದೆ ಎಂದು ಕಿಟಕಿಯ ಪಕ್ಕದ ಲೇಡಿ ಡಾಕ್ಟರು ವಾದಿಸುತ್ತಿದ್ದರು. ಭಾವಮೈದ ಯಾರೂ ಕೇಳದಿದ್ದರೂ ಮೇಜು ಹಾಕಿಕೊಂಡು ಹೆಸರು ಬರೆದುಕೊಳ್ಳತೊಡಗಿದ. ದಂತವೈದ್ಯಕೀಯದ ಮುಂದಿನ ಸವಾಲುಗಳ ಬಗ್ಗೆ ಆ ದಿನ ಸಭೆ ಕೈಗೊಂಡ ನಿರ್ಣಯ ಒಂದೇ: ಮೊದಲು ಬಾಯಿ ನೋಡುವುದು, ಆಮೇಲೆ ಚಿತ್ರ.

ಮೂರು ಹಲ್ಲು ಬರಲು ಇಪ್ಪತ್ತು ನಿಮಿಷ ಹಿಡಿಯಿತು. ಕೂಗಬೇಕೆಂದು ಡಾಕ್ಟರು ಸಿದ್ಧರಾಗಿದ್ದರು. ಅಂಥ ಸಂದರ್ಭ ಬರಲೇ ಇಲ್ಲ.

ಮಧ್ಯಾಹ್ನ ಗಂಡಹೆಂಡತಿ ನಡೆದೇ ಮನೆಗೆ ಹೊರಟರು. ಡಾಕ್ಟರ ಬಾಯಲ್ಲಿ ಹತ್ತಿ ಇತ್ತು. ಒಂದು ಗಂಟೆ ಗಟ್ಟಿಯಾಗಿ ಕಚ್ಚಿಕೊಂಡಿರಬೇಕು, ಮಾತಾಡಬಾರದು ಎಂದು ಮೇಷ್ಟ್ರು ಹೇಳಿದ್ದರು. ಹೆಂಡತಿ ದಾರಿಯುದ್ದಕ್ಕೂ ಮಾತಾಡಿದರು. ಇಪ್ಪತ್ತೆರಡು ವರ್ಷದ ಮಾತು. ಯಾವ ವರ್ಷ ಯಾರ ಮೇಲೆ ಅನುಮಾನಪಟ್ಟೆ, ಯಾವ ಅಂಗಿಯ ಜೇಬು ನೋಡಿದ್ದೆ, ಯಾವ ನೆರೆಯವಳ ಜೊತೆ ವಿನಾಕಾರಣ ಮಾತು ಬಿಟ್ಟಿದ್ದೆ, ಎಲ್ಲ ಹೇಳಿದರು. ಡಾಕ್ಟರು ಹತ್ತಿ ಕಚ್ಚಿಕೊಂಡು, ಮರಗಟ್ಟಿದ ಕೆನ್ನೆ ಹೊತ್ತು, ಕೇಳುತ್ತ ನಡೆದರು. ಯಾವುದಕ್ಕೂ ಉತ್ತರ ಕೊಡಬೇಕಾಗಿಲ್ಲದ್ದು ಬಹಳ ಹಿತವಾಗಿತ್ತು.

ಮನೆಯ ತಿರುವಿನಲ್ಲಿ ಆಕೆ ನಿಂತರು. "ಮುಂದಿನ ವರ್ಷ ಆ ಪಾರ್ಕಿಗೆ ನಾನೂ ಬರ್ತೀನಿ" ಎಂದರು.

ಡಾಕ್ಟರು ಗಡಿಯಾರ ನೋಡಿದರು. ಬಾಯಿ ಬಿಡಲು ಇನ್ನೂ ಇಪ್ಪತ್ತು ನಿಮಿಷವಿತ್ತು. ತಲೆಯಾಡಿಸಿದರು.